ಒದ್ದೆ ಹೆಜ್ಜೆ ನೋಡುತ್ತಿದ್ದ ಡ್ರಿಲ್ ಟೀಚರ್

ಮೊನ್ನೆ ಶಿವಮೊಗ್ಗದಲ್ಲಿ, ಮಂಡಿನೋವಿಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಯ ಹುಡುಗ ಪ್ಯಾಕೆಟ್ಟು ಹರಿದು ಹಸಿರು ಬಣ್ಣದ ರಬ್ಬರ್ ಪಟ್ಟಿಯೊಂದನ್ನು ನನ್ನ ಕೈಗಿಟ್ಟ. ಪಟ್ಟಿಯ ಮೈಗೆಲ್ಲ ಬಿಳಿ ಪುಡಿ. ಬೆರಳಿಗೆ ಅಂಟಿದ್ದನ್ನು ಒರೆಸಿಕೊಳ್ಳುವ ಬದಲು ನಾನು ಮೂಗಿನ ಹತ್ತಿರ ತಂದೆ. ಹೊಸ ರಬ್ಬರಿನ ಆ ಕಮಟು ವಾಸನೆ... ಜೊತೆಗೆ ಬಂದಿದ್ದ ಮೊಮ್ಮಗಳು ನಾಚಿಕೆಯಿಂದ ನನ್ನ ತೋಳು ಎಳೆದಳು. “ನಾನಿ, ಅದನ್ನ ಯಾರಾದ್ರೂ ಮೂಸ್ತಾರಾ?”

ಮೂಸದೆ ಏನು ಮಾಡಲಿ? ನಾನು ಬೆಳೆದದ್ದೇ ಆ ವಾಸನೆಯೊಳಗೆ. ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಅಬ್ಬನ ಸೈಕಲ್ ರಿಪೇರಿ ಅಂಗಡಿ ಇತ್ತು. ಹಿಂದುಗಡೆಯೇ ಮನೆ, ನಡುವೆ ಒಂದು ಗೋಣಿತಾಟಿನ ಪರದೆ. ಹೊಸ ಟ್ಯೂಬಿನ ಮಡಿಕೆಗಳಲ್ಲಿ ಇಂಥದೇ ಬಿಳಿ ಪುಡಿ ಇರುತ್ತಿತ್ತು. ಅದನ್ನು ಪೌಡರೆಂದು ಮುಖಕ್ಕೆ ಬಳಿದುಕೊಂಡು ಅಮ್ಮಿಯ ಕೈಲಿ ಪೆಟ್ಟು ತಿಂದವಳು ನಾನು.

“ಪಟ್ಟಿಯನ್ನ ಪಾದಕ್ಕೆ ಹೀಗೆ ಸುತ್ತಿ...” ಎಂದು ಹುಡುಗ ತೋರಿಸಲು ಬಗ್ಗುವಷ್ಟರಲ್ಲಿ ನಾನು ಸುತ್ತಿಕೊಂಡು, ಕಾಲು ನೀಡಿ, ನಿಧಾನಕ್ಕೆ ಎಳೆದು, ನಿಲ್ಲಿಸಿ, ಬಿಟ್ಟಾಗಿತ್ತು. ಅವನಿಗೆ ಆಶ್ಚರ್ಯವಾಯಿತು. “ಮೊದಲೇ ಮಾಡಿದ್ದೀರಾ ಮೇಡಂ?” ಎಂದ. ಮಾಡಿದ್ದೆ. ಸೈಕಲ್ ಟ್ಯೂಬಿನಲ್ಲಿ ಮಾಡಿದ್ದೆ. ಹೇಳಿಕೊಟ್ಟವರು ಡಾಕ್ಟರಲ್ಲ, ನಮ್ಮ ಡ್ರಿಲ್ ಟೀಚರ್.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ನಿವೃತ್ತರಾಗಿ ಆ ಜಾಗಕ್ಕೆ ಹೆಂಗಸೊಬ್ಬರು ಬಂದರು. ಮೂವತ್ತರ ಆಸುಪಾಸಿನ ವಯಸ್ಸು. ನರಸಿಂಹರಾಜಪುರದ ಕಡೆಯವರು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿ, ಕುತ್ತಿಗೆಗೆ ಸೀಟಿ ತೂಗುಹಾಕಿ ಸೈಕಲ್ಲಿನಲ್ಲಿ ಬರುತ್ತಿದ್ದರು. ಕೊಪ್ಪದ ಏರಿನಲ್ಲಿ ಗಂಡಸರೇ ಇಳಿದು ಸೈಕಲ್ ತಳ್ಳುತ್ತಿದ್ದ ಕಾಲ. ಇವರು ಉಸಿರು ಕಟ್ಟಿ ತುಳಿದು ಮೇಲೆ ಬಂದುಬಿಡುತ್ತಿದ್ದರು. ಪೇಟೆಯ ಜನ ಮೊದಲು ನಕ್ಕರು, ಆಮೇಲೆ ಬಾಯಿಬಿಟ್ಟುಕೊಂಡು ನೋಡಿದರು, ಆಮೇಲೆ ನೋಡುವುದನ್ನೂ ಬಿಟ್ಟರು. ನಮ್ಮೂರಿನ ಕುತೂಹಲಕ್ಕೆ ಆಯುಷ್ಯ ಕಡಿಮೆ.

ಅವರ ಸೈಕಲ್ಲಿನಿಂದಾಗಿ ನಮ್ಮ ಅಂಗಡಿಗೆ ಅವರು ಕಾಯಂ ಗಿರಾಕಿ. ಒಂದು ಮಳೆಯ ದಿನ ಅಬ್ಬ ಅವರ ಪಂಚರ್ ಹಾಕುತ್ತಿದ್ದಾಗ ಟೀಚರು ಬೆಂಚಿನ ಮೇಲೆ ಕೂತು ನೆಲವನ್ನೇ ನೋಡುತ್ತಿದ್ದರು. ಸಿಮೆಂಟಿನ ನೆಲ. ಹೊರಗಿನಿಂದ ಬಂದವರ ಒದ್ದೆ ಕಾಲಿನ ಗುರುತು ಅದರ ಮೇಲೆ ಮೂಡುತ್ತಿತ್ತು, ಆರುತ್ತಿತ್ತು. ನಾವು ದಿನಾ ತುಳಿದಾಡುತ್ತಿದ್ದ ಗುರುತುಗಳೇ ಅವು. ಅವರು ಮಾತ್ರ ಎದ್ದು ಬಗ್ಗಿ, ಒಂದರ ಹಿಂದೆ ಒಂದನ್ನು ನೋಡುತ್ತ ಬಾಗಿಲ ತನಕ ಹೋದರು. ತಿರುಗಿ ಬಂದು, “ಸಾಬ್ರೇ, ಈ ಬಾಂಡ್ಲಿಯಲ್ಲಿ ಒಂದ್ಸಲ ಕಾಲು ಅದ್ದಬಹುದಾ?” ಎಂದು ಕೇಳಿದರು.

ಬಾಂಡ್ಲಿ ಎಂದರೆ ಪಂಚರ್ ಹುಡುಕುವ ನೀರಿನ ಅಗಲ ಬಾಣಲೆ. ಗಾಳಿ ತುಂಬಿದ ಟ್ಯೂಬನ್ನು ಅದರಲ್ಲಿ ಮುಳುಗಿಸಿದರೆ ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಅಬ್ಬ ನಕ್ಕು, “ಅದಕ್ಕೇನು ಟೀಚರೇ, ಕಾಲಿಗೂ ಪಂಚರ್ ಆಗಿದ್ರೆ ಗೊತ್ತಾಗ್ತದೆ” ಎಂದ. ಅವರು ಶೂ ಬಿಚ್ಚಿ, ಕಾಲು ಅದ್ದಿ, ನೆಲದ ಉದ್ದಕ್ಕೂ ನಡೆದರು. ಆಮೇಲೆ ಅಬ್ಬನನ್ನು ನಡೆಸಿದರು, ನನ್ನನ್ನು ನಡೆಸಿದರು, ಗಾಳಿ ಹೊಡೆಸಲು ಬಂದ ಭಂಡಿಗಡಿಯ ಗಿರಾಕಿಯೊಬ್ಬರನ್ನೂ ನಡೆಸಿದರು. ಪಾಪ, ಅವರು ಟೀಚರ ಮಾತು ಮೀರಲಾರದೆ ಪಂಚೆ ಎತ್ತಿಕೊಂಡು ಮದುಮಗನ ಹಾಗೆ ನಡೆದರು.

ಅಲ್ಲಿಂದ ನಮ್ಮ ಅಂಗಡಿ ಅವರ ಪ್ರಯೋಗಶಾಲೆಯಾಯಿತು. ವಾರಕ್ಕೊಮ್ಮೆ ಆಟದ ಹುಡುಗಿಯರನ್ನು ಕರೆತಂದು ನಡೆಸುವುದು, ಕುಂಟಿಸುವುದು, ಹಾರಿಸುವುದು. ಗುರುತು ಆರುವ ಮೊದಲು ಸೀಮೆಸುಣ್ಣದಲ್ಲಿ ಅದರ ಸುತ್ತ ಗೆರೆ ಎಳೆಯುವುದು. ಯಾರದ್ದು ಹೆಬ್ಬೆರಳು ಬಿದ್ದಿಲ್ಲ, ಯಾರದ್ದು ಪಾದದ ಒಳಗಿನ ಕಮಾನು ನೆಲಕ್ಕೆ ಅಂಟಿದೆ, ಓಡುವಾಗ ಯಾರು ಯಾವ ಕಡೆಗೆ ವಾಲುತ್ತಾರೆ ಎಂದು ಅವರು ತಮ್ಮಷ್ಟಕ್ಕೇ ಗೊಣಗುತ್ತಿದ್ದರು. ಶುಕ್ರವಾರ ದಾದಿ, ಅಂದರೆ ಅಬ್ಬನ ತಾಯಿ, ನೆಲಕ್ಕೆ ನೀರು ಹುಯ್ದು ಕಸಬರಿಗೆಯಲ್ಲಿ ಗಸಗಸ ಉಜ್ಜಿ ಎಲ್ಲವನ್ನೂ ಚರಂಡಿಗೆ ಕಳಿಸುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಟೀಚರು ಮಾತ್ರ, “ತೊಳೀಲಿ ಬಿಡು ಮಾರಾಯ್ತಿ, ಕಾಲುಗಳೆಲ್ಲ ಇಲ್ಲೇ ಇರ್ತಾವಲ್ಲ” ಎನ್ನುತ್ತಿದ್ದರು.

ಅವರ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ. ಏರು, ಇಳಿಜಾರು, ಹಳ್ಳದ ಮೇಲಿನ ಕಾಲುಸಂಕ ಎಲ್ಲದರಲ್ಲೂ ಓಡಾಡಿ ನಮ್ಮ ಕಡೆಯ ಹುಡುಗಿಯರ ಕಾಲು ಗಟ್ಟಿ. ಹಾಗಿದ್ದೂ ಖೋ-ಖೋ ಆಡುವಾಗ ಮಂಡಿ ತಿರುಚಿಕೊಳ್ಳುವುದೇಕೆ? ಅದೂ ಹೆಚ್ಚಾಗಿ ಸಾಲಿನ ತುದಿಯ ಕಂಬದ ಹತ್ತಿರವೇ ಏಕೆ? ಮೊದಲು ಹವಾಯಿ ಚಪ್ಪಲಿಯನ್ನು ಬೈದರು. ಆಮೇಲೆ ಮೈದಾನದ ಕೆಸರನ್ನು ಬೈದರು. ಎರಡೂ ಸರಿಹೋಗಲಿಲ್ಲ, ಏಕೆಂದರೆ ಬರಿಗಾಲಿನವರೂ ಒಣ ನೆಲದಲ್ಲಿ ಬೀಳುತ್ತಿದ್ದರು. ಉತ್ತರ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಮಕ್ಕಳೆದುರು ಹೇಳಿದ ಮೊದಲ ಟೀಚರನ್ನು ನಾನು ಕಂಡದ್ದು ಅವರಲ್ಲೇ.

ಒಂದು ದಿನ ನೆಲದ ಮೇಲಿನ ಅವರ ಹೆಜ್ಜೆಯನ್ನೇ ನಾನು ನೋಡುತ್ತಿದ್ದೆ. ಎಡಗಾಲು ಪೂರ್ತಿ ಬಿದ್ದಿತ್ತು. ಬಲಗಾಲಿನ ಹಿಮ್ಮಡಿಯ ಗುರುತು ಅರ್ಧ ಮಾತ್ರ ಮೂಡಿತ್ತು. “ಟೀಚರ್, ನಿಮ್ದೊಂದು ಹಿಮ್ಮಡಿ ಸರಿ ಬಿದ್ದಿಲ್ಲ” ಎಂದೆ. ಅವರು ಕಾಲೇಜಿನಲ್ಲಿ ತಾವು ಓಟಗಾರ್ತಿಯಾಗಿದ್ದುದನ್ನೂ, ಮಂಡಿಗೆ ಪೆಟ್ಟು ಬಿದ್ದಮೇಲೆ ಓಟ ಅಲ್ಲಿಗೇ ಮುಗಿದುದನ್ನೂ ಹೇಳಿದರು. ಸೈಕಲ್ ತುಳಿಯಲು ತೊಂದರೆಯಿಲ್ಲ, ಓಡಲು ಹೋದರೆ ಆ ಕಾಲು ಹೆದರುತ್ತದಂತೆ. ಕಾಲು ಹೆದರುವುದು ಎಂಬ ಮಾತು ನನಗೆ ಆಗ ಅರ್ಥವಾಗಲಿಲ್ಲ...

ಅರ್ಥವಾಗಲು ತಡವಾಗಲಿಲ್ಲ. ಮಳೆ ಹಿಂದೆ ಸರಿದು ಆಟದ ದಿನಗಳು ಬಂದಾಗ, ಶೃಂಗೇರಿಯ ತಂಡದ ಜೊತೆ ನಮ್ಮ ಮೈದಾನದಲ್ಲೇ ಪಂದ್ಯವಿತ್ತು. ನಾನು ಬೆನ್ನಟ್ಟುವವಳು. ಓಡುತ್ತಿದ್ದ ಹುಡುಗಿ ಕಂಬ ಸುತ್ತಿದಳು, ನಾನೂ ಕಂಬ ಹಿಡಿದು ತಿರುಗಿದೆ. ಮೈ ತಿರುಗಿತು, ಪಾದ ತಿರುಗಲಿಲ್ಲ. ಎಡಮಂಡಿಯೊಳಗೆ ‘ಟಕ್’ ಎಂದಿತು. ಬಿದ್ದವಳಿಗೆ ಆಕಾಶ ಕಂಡಿತು, ಆಮೇಲೆ ಟೀಚರ ಮುಖ. ಅವರ ಬಣ್ಣ ನನ್ನದಕ್ಕಿಂತ ಹೆಚ್ಚು ಬಿಳುಚಿತ್ತು.

ಮುತ್ತಿನಕೊಪ್ಪದ ಕಡೆಯಿಂದ ಮೂಳೆ ಕಟ್ಟುವ ನಾಟಿ ವೈದ್ಯರು ಬಂದರು. ಮಂಡಿಯನ್ನು ಹಗುರಾಗಿ ಮುಟ್ಟಿ ನೋಡಿ, ಮೂಳೆ ಮುರಿದಿಲ್ಲ, ಒಳಗೆ ಎಳೆತವಾಗಿದೆ ಎಂದರು. ಸೊಪ್ಪಿನ ರಸಕ್ಕೆ ಮೊಟ್ಟೆಯ ಬಿಳಿ ಕಲಸಿ ಹಚ್ಚಿ, ಬಿದಿರ ದಬ್ಬೆ ಇಟ್ಟು ಕಟ್ಟಿದರು. ಊತ ಇಳಿದಮೇಲೆ ಬಿಚ್ಚಿ ಮೆಲ್ಲಗೆ ಆಡಿಸಿ ಎಂದು ಹೇಳಿಯೇ ಹೋದರು. ಅವರದ್ದೇನೂ ತಪ್ಪಿಲ್ಲ. ಎಡವಟ್ಟು ಮಾಡಿದ್ದು ನಮ್ಮ ಪ್ರೀತಿ. ಊತ ಇಳಿದ ದಿನ ದಾದಿ, “ಇನ್ನೊಂದ್ ಕಟ್ಟು ಇರ್ಲಿ, ಗಟ್ಟಿಗೆ” ಎಂದಳು. ಅದು ಮುಗಿದಮೇಲೆ ಮತ್ತೊಂದು. ಮೊದಲನೆಯದು ಗುಣವಾಗಲಿ ಎಂದು, ಎರಡನೆಯದು ಬಂದೋಬಸ್ತಿಗೆ, ಮೂರನೆಯದು ಯಾರದ್ದಾದರೂ ಕಣ್ಣು ಬಿದ್ದೀತೆಂದು. ಪ್ಯಾಚಿನ ಮೇಲೆ ಪ್ಯಾಚು ಹಾಕಬಾರದೆಂದು ಗಿರಾಕಿಗಳಿಗೆ ದಿನಾ ಹೇಳುವ ಅಬ್ಬನೂ ಸುಮ್ಮನಿದ್ದ. ಟೀಚರೂ ಬಂದು ನೋಡಿ, ಪೆಟ್ಟಿಗೆ ವಿಶ್ರಾಂತಿಯೇ ಮದ್ದು ಎಂದು ತಾವು ಓದಿದ್ದನ್ನು ಹೇಳಿ ಹೋದರು. ಕಾಲನ್ನು ತಲೆದಿಂಬಿನ ಮೇಲಿಟ್ಟು ನವಾಬನ ಮಗಳ ಹಾಗೆ ನನ್ನನ್ನು ಸಾಕಿದರು.

ಕಡೆಗೆ ಕಟ್ಟು ಬಿಚ್ಚಿದಾಗ ಅಮ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಡತೊಡೆ ಬಡಕಲಾಗಿತ್ತು. ಮಂಡಿ ಸ್ವಲ್ಪ ಮಡಚಿ ಅಲ್ಲೇ ನಿಂತುಬಿಡುತ್ತಿತ್ತು. ನಡೆಯಲೇನೋ ಆಗುತ್ತಿತ್ತು, ಕುಂಟುತ್ತ. ಕೂರಲು ಆಗುತ್ತಿರಲಿಲ್ಲ. ಖೋ-ಖೋ ಗೊತ್ತಿದ್ದವರಿಗೆ ಗೊತ್ತು, ಆ ಆಟದಲ್ಲಿ ಓಟಕ್ಕಿಂತ ಮೊದಲು ಕೂರುವುದು. ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದು, ಹಿಂದಿನಿಂದ ‘ಖೋ’ ಎಂದ ಕೂಡಲೇ ಚಿಮ್ಮಿ ಏಳಬೇಕು. ಕುಕ್ಕರಗಾಲಲ್ಲಿ ಕೂರಲಾರದವಳಿಗೆ ಆ ಸಾಲಿನಲ್ಲಿ ಜಾಗವಿಲ್ಲ. ನನಗೆ ಓದು ಅಷ್ಟಕ್ಕಷ್ಟೇ, ಹಾಡು ಬಾರದು, ರೂಪವಂತೆ ಎಂದು ಯಾರೂ ಹೇಳಿದ್ದಿಲ್ಲ. ನನ್ನದು ಅಂತ ಇದ್ದದ್ದು ಆ ಆಟವೊಂದೇ. ಅಂದು ಪರದೆಯ ಹಿಂದೆ ಕೂತು ತುಂಬ ಅತ್ತೆ.

ಟೀಚರು ಬಂದು ಕಾಲು ನೋಡಿದವರೇ ಸೆರಗು ಬಿಗಿದರು. ಇದೇ ಸ್ಥಿತಿಗೆ ತಮ್ಮ ಕಾಲೂ ಬಂದಿತ್ತೆಂದು ಅವರಿಗೆ ನೆನಪಾಗಿರಬೇಕು. ನನ್ನನ್ನು ಬೋರಲು ಮಲಗಿಸಿ, ಹಿಮ್ಮಡಿ ಹಿಡಿದು, “ತಡ್ಕೋ, ತಡ್ಕೋ” ಎನ್ನುತ್ತ ಮಂಡಿಯನ್ನು ಮಡಚಿದರು. ನಾನು ಹಲ್ಲು ಕಚ್ಚಿ ತಡೆದುಕೊಂಡೆ. ಮರುದಿನವೂ ಹಾಗೇ. ಮೂರನೆಯ ದಿನ ಬೆಳಿಗ್ಗೆ ಮಂಡಿ ಹಲಸಿನಕಾಯಿಯಂತೆ ಊದಿ ಬಿಸಿಯಾಗಿತ್ತು. ದಾದಿ ಪರದೆಯ ಬಾಯಲ್ಲಿ ನಿಂತು, ಟೀಚರನ್ನು ಒಳಗೆ ಬಿಡಲಿಲ್ಲ. “ಮಗೂದು ಕಾಲು ಮುರೀಲಿಕ್ಕೆ ಬರ್ತೀಯಾ? ಹೋಗು” ಎಂದಳು. ಟೀಚರು ಸೈಕಲ್ ಹತ್ತಿ ಹೋದರು.

ಇನ್ನು ಅವರು ಬರುವುದಿಲ್ಲ ಎಂದುಕೊಂಡೆ. ಆ ಭಾನುವಾರ ಅವರು ಬೆಳಗಿನ ಬಸ್ಸು ಹಿಡಿದು, ಆಗುಂಬೆ ಘಾಟಿ ಇಳಿದು, ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋಗಿದ್ದರು ಎಂಬುದು ಆಮೇಲೆ ತಿಳಿಯಿತು. ಭಾನುವಾರ ಅಲ್ಲಿ ಬಾಗಿಲು ಹಾಕಿತ್ತಂತೆ. ಪರಿಚಯದವರ ಮನೆಯಲ್ಲಿ ಉಳಿದು, ಸೋಮವಾರ ಶಾಲೆಗೆ ರಜೆ ಹಾಕಿ, ಪೆಟ್ಟು ಬಿದ್ದವರಿಗೆ ವ್ಯಾಯಾಮ ಮಾಡಿಸುವ ಕೋಣೆಯ ಎದುರು ರೋಗಿಗಳ ಸಾಲಿನಲ್ಲೇ ಕೂತರಂತೆ. ಅವರ ಸರದಿ ಬಂದಾಗ ಅಲ್ಲಿನ ಡಾಕ್ಟರಮ್ಮ ನೋವು ಎಲ್ಲಿ ಎಂದು ಕೇಳಿದ್ದಕ್ಕೆ, “ನೋವು ಕೊಪ್ಪದಲ್ಲಿದೆ” ಎಂದರಂತೆ. ಇದನ್ನು ಹೇಳುವಾಗ ಅವರೂ ನಗುತ್ತಿದ್ದರು.

ಅವರು ಅಂಗಡಿಗೆ ಬಂದದ್ದು ಆ ಸೋಮವಾರ ಸಂಜೆ. ಗಿರಾಕಿಗಳಿದ್ದರು. ಅಬ್ಬ ಚಕ್ರದ ಬೆಂಡು ತೆಗೆಯುತ್ತಿದ್ದ. ಟೀಚರು ಎಲ್ಲರೆದುರೇ ಕೈಮುಗಿದು, “ಸಾಬ್ರೇ, ನಾನು ತಪ್ಪು ಮಾಡಿದೆ. ಮೊದ್ಲು ಕಟ್ಟಿ ಮಲಗಿಸಿದಾಗ ಸುಮ್ನಿದ್ದದ್ದೂ ತಪ್ಪು, ಆಮೇಲೆ ಜೋರು ಮಾಡಿದ್ದೂ ತಪ್ಪು. ಕೇಳ್ಕೊಂಡು ಬಂದಿದ್ದೀನಿ. ಇನ್ನೊಂದು ಅವಕಾಶ ಕೊಡಿ” ಎಂದರು. ಶಾಲೆಯ ಟೀಚರು ಸೈಕಲ್ ಅಂಗಡಿಯವನ ಎದುರು ಕೈಮುಗಿದು ನಿಂತದ್ದನ್ನು ನಮ್ಮ ಪೇಟೆ ಆವರೆಗೆ ಕಂಡಿರಲಿಲ್ಲ. ಅಬ್ಬನಿಗೆ ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾ ಎಲ್ಲಿಡುವುದೆಂದು ತಿಳಿಯಲಿಲ್ಲ. “ಎಂತ ಟೀಚರೇ, ಹೀಗೆಲ್ಲ... ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂದು ಪರದೆಯ ಕಡೆಗೆ ನೋಡಿದ. ತೀರ್ಪು ಅಲ್ಲಿಂದಲೇ ಬರಬೇಕಿತ್ತು.

ಪರದೆ ಸರಿಸಿ ದಾದಿ ಬಂದಳು. ಅವಳಿಗೂ ಮಂಡಿನೋವು, ವರ್ಷಗಳಿಂದ. ನಮಾಜಿನಲ್ಲಿ ಮಂಡಿಯೂರಿ ಹಣೆಯನ್ನು ನೆಲಕ್ಕೆ ತಾಗಿಸಲಾಗದೆ ಸ್ಟೂಲಿನ ಮೇಲೆ ಕೂತು ತಲೆ ಬಗ್ಗಿಸುತ್ತಿದ್ದಳು. ಅದೊಂದು ಕೊರಗು ಅವಳಿಗೆ ಒಳಗೊಳಗೇ ಇತ್ತು. ಬೆಂಚಿನ ಮೇಲೆ ಕೂತು, ಕಾಲು ಮುಂದೆ ಚಾಚಿ, “ಅದೇನು ಕಲಿತು ಬಂದ್ಯೋ, ಮೊದ್ಲು ನನ್ ಮಂಡಿಗೆ ಮಾಡು. ಮುದುಕಿ ಕಾಲು ಕೆಟ್ರೆ ಕೆಡ್ಲಿ. ಸರಿ ಇದ್ರೆ ಆಮೇಲೆ ಮಗೂಗೆ” ಎಂದಳು. ಟೀಚರ ಪ್ರಯೋಗಕ್ಕೆ ಅದಕ್ಕಿಂತ ಕಠಿಣ ಪರೀಕ್ಷಕರು ಸಿಗುವಂತಿರಲಿಲ್ಲ.

ಹೀಗೆ ನನ್ನ ಚಿಕಿತ್ಸೆ ದಾದಿಯ ಮಂಡಿಯಿಂದ ಶುರುವಾಯಿತು. ಟವೆಲ್ಲನ್ನು ಸುರುಳಿ ಸುತ್ತಿ ಮಂಡಿಯ ಕೆಳಗಿಟ್ಟು, ಅದನ್ನು ನೆಲಕ್ಕೆ ಒತ್ತುವುದು. ಅಷ್ಟೇ. ಕಾಲು ಅಲ್ಲಾಡಬಾರದು, ತೊಡೆ ಮಾತ್ರ ಬಿಗಿಯಬೇಕು. “ಇದಾ ಔಷಧಿ? ಇದಕ್ಕೆ ಘಾಟಿ ಇಳೀಬೇಕಿತ್ತಾ?” ಎಂದು ದಾದಿ ಮೂಗು ಮುರಿದಳು. ಆದರೂ ಒತ್ತಿದಳು. ಕಾಲು ಕೆಡಲಿಲ್ಲ. ಒಂದು ವಾರ ಬಿಟ್ಟು ನನಗೂ ಅಪ್ಪಣೆಯಾಯಿತು. ಅಬ್ಬ ಹಳೆಯ ಟ್ಯೂಬೊಂದನ್ನು ಉದ್ದಕ್ಕೆ ಸೀಳಿ ಎರಡು ಪಟ್ಟಿ ಮಾಡಿಕೊಟ್ಟ. ಪಾದಕ್ಕೆ ಅದನ್ನು ಸುತ್ತಿ, ಕೈಯಲ್ಲಿ ಎಳೆದು ಹಿಡಿದು, ಅದರ ವಿರುದ್ಧ ಕಾಲು ನೀಡುವುದು. ನೋವಿನ ಅಂಚಿನ ತನಕ ಹೋಗಿ ನಿಲ್ಲುವುದು, ದಾಟಬಾರದು. “ನೋವು ಶತ್ರುವೂ ಅಲ್ಲ, ಯಜಮಾನನೂ ಅಲ್ಲ. ಬೇಲಿ ಅದು. ದಿನಾ ಸ್ವಲ್ಪ ಆಚೆ ನೆಡಬೇಕು” ಎಂದು ಟೀಚರು ಹೇಳುತ್ತಿದ್ದರು.

ಅಂಗಡಿ ತೆರೆಯುವ ಮೊದಲು ದಾದಿ, ನಾನು ಒಂದೇ ಬೆಂಚಿನ ಮೇಲೆ ಕಾಲಿಗೆ ಟ್ಯೂಬು ಸುತ್ತಿಕೊಂಡು ಕೂರುತ್ತಿದ್ದೆವು. ಹರಿಹರಪುರದ ಬಸ್ಸಿಗೆ ಕಾಯುವವರಿಗೆ ಪುಕ್ಕಟೆ ಮನರಂಜನೆ. “ಏನ್ ದಾದಿ, ಓಟಕ್ಕೆ ನಿಲ್ತೀರಾ?” ಎಂದು ಯಾರೋ ಕೂಗಿದರೆ, ದಾದಿ “ನೀನೂ ಬಾ, ಜೊತೆಗೆ ಓಡುವ” ಎಂದು ಉತ್ತರ ಕೊಡುತ್ತಿದ್ದಳು. ನಾನು ಆಲಸ್ಯ ಮಾಡಿದ ದಿನ ಅವಳು ನನಗಿಂತ ಜಾಸ್ತಿ ಮಾಡಿ ಹಂಗಿಸುತ್ತಿದ್ದಳು. ಅವಳು ಸೋಮಾರಿತನ ಮಾಡಿದರೆ ನಾನು ಟೀಚರಿಗೆ ಚಾಡಿ ಹೇಳುತ್ತಿದ್ದೆ. ಟೀಚರು ಇಬ್ಬರನ್ನೂ ಬೈಯುತ್ತಿದ್ದರು, ಆದರೆ ಎಂದೂ ಅವಸರ ಮಾಡಲಿಲ್ಲ. ಯಾವತ್ತು ಸರಿಹೋಗುತ್ತದೆ ಎಂದು ನಾನು ಕೇಳಿದಾಗಲೆಲ್ಲ, ಗೊತ್ತಿಲ್ಲ, ನೋಡುವ ಎನ್ನುತ್ತಿದ್ದರು. ಆ ‘ನೋಡುವ’ ಎಂಬ ಮಾತಿನಲ್ಲಿ ಎಂಥದೋ ಧೈರ್ಯವಿತ್ತು...

ಮೊದಲು ಗೆದ್ದದ್ದು ದಾದಿ. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ನಮಾಜಿನ ಚಾಪೆಯ ಪಕ್ಕದಲ್ಲಿ ಸ್ಟೂಲು ಇರಲಿಲ್ಲ. ದಾದಿ ಒಂದು ಕೈಯನ್ನು ಗೋಡೆಗೆ ಕೊಟ್ಟು, ನಿಧಾನಕ್ಕೆ, ತುಂಬ ನಿಧಾನಕ್ಕೆ ಮಂಡಿಯೂರಿ, ಹಣೆಯನ್ನು ನೆಲಕ್ಕೆ ತಾಗಿಸಿದಳು. ಎಷ್ಟೋ ಹೊತ್ತು ಏಳಲಿಲ್ಲ. ಏಳಲಾಗದೆ ಸಿಕ್ಕಿಹಾಕಿಕೊಂಡಳೇನೋ ಎಂದು ಅಮ್ಮಿ ಗಾಬರಿಯಾಗಿ ಓಡಿದಳು. ದಾದಿ ಅಳುತ್ತಿದ್ದಳು. ಮರುದಿನ ಟೀಚರಿಗೆ ಸೇಮಿಗೆ ಪಾಯಸದ ಡಬ್ಬಿ ಹೋಯಿತು. ಹಬ್ಬವಿಲ್ಲದ ದಿನ ನಮ್ಮ ಮನೆಯಲ್ಲಿ ಸೇಮಿಗೆ ಮಾಡಿದ್ದು ಅದೊಂದೇ ಸಲ.

ನನ್ನ ಮಂಡಿ ಮಾತ್ರ ಹಟ ಹಿಡಿದಿತ್ತು. ನಡಿಗೆ ನೆಟ್ಟಗಾಗಿತ್ತು, ತೊಡೆ ತುಂಬುತ್ತಿತ್ತು, ಆದರೆ ಕುಕ್ಕರಗಾಲಲ್ಲಿ ಕೂರಲು ಹೋದರೆ ಅರ್ಧದಲ್ಲೇ ಕಾಲು ಬೇಡ ಎನ್ನುತ್ತಿತ್ತು. ನೋವೂ ಅಲ್ಲ, ಹೆದರಿಕೆ. ಟೀಚರು ಹೇಳಿದ್ದು ಆಗ ಅರ್ಥವಾಯಿತು. ಒಂದು ಸಂಜೆ ಅಬ್ಬ ಗಿರಾಕಿಯೊಬ್ಬರ ಟ್ಯೂಬಿನಲ್ಲಿ ತೂತು ಸಿಗದೆ ಒದ್ದಾಡುತ್ತಿದ್ದ. ಬಾಂಡ್ಲಿಯಲ್ಲಿ ಎಷ್ಟು ತಿರುಗಿಸಿದರೂ ಗುಳ್ಳೆ ಇಲ್ಲ. “ನಿನ್ ಕಣ್ಣು ಚುರುಕು, ನೋಡು ಬಾ” ಎಂದು ಕರೆದ. ನಾನು ಹೋಗಿ ನೀರಿನ ಮೇಲೆ ಬಗ್ಗಿ ನೋಡಿದೆ. ವಾಲ್ವಿನ ಬುಡದಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಯೊಂದು ಎದ್ದಿತು. “ಸಿಕ್ತು!” ಎಂದು ಕೂಗಿ ಬೆರಳಿಟ್ಟೆ.

ತಲೆ ಎತ್ತಿದರೆ ಬೆಂಚಿನ ಮೇಲಿದ್ದ ಟೀಚರು ತುಟಿಯ ಮೇಲೆ ಬೆರಳಿಟ್ಟುಕೊಂಡು ಅಬ್ಬನನ್ನು ಸುಮ್ಮನಿರಿಸುತ್ತಿದ್ದರು. ಅವರ ಕಣ್ಣು ನನ್ನ ಮಂಡಿಯ ಮೇಲಿತ್ತು. ನೋಡಿಕೊಂಡೆ. ಬಾಂಡ್ಲಿಯ ಪಕ್ಕ ನಾನು ಕುಕ್ಕರಗಾಲಲ್ಲಿ ಕೂತಿದ್ದೆ. ಯಾವಾಗ ಕೂತೆ, ಹೇಗೆ ಕೂತೆ, ನನಗೇ ಗೊತ್ತಿರಲಿಲ್ಲ. “ಏಳ್ಬೇಡ, ಇನ್ನೊಂಚೂರು ಹಾಗೇ ಕೂತಿರು” ಎಂದರು ಟೀಚರು. ನಾನು ನೀರಿಗೆ ಬೆರಳಿಟ್ಟುಕೊಂಡೇ ನಗುತ್ತ, ಅಳುತ್ತ ಕೂತಿದ್ದೆ.

ಕೂರುವುದು ಬಂದಮೇಲೆ ಉಳಿದದ್ದು ಕಂಬ. ಟೀಚರು ಅಂಗಡಿಯ ನಡುವೆ ಗಾಳಿ ಪಂಪನ್ನು ನಿಲ್ಲಿಸಿ, ತಂಡದ ಹುಡುಗಿಯರನ್ನೆಲ್ಲ ಒದ್ದೆ ಕಾಲಿನಲ್ಲಿ ಅದನ್ನು ಸುತ್ತಿಸಿದರು. ಅಲ್ಲಿಯವರೆಗೆ ಅಚ್ಚುಕಟ್ಟಾಗಿ ಮೂಡಿದ ಹೆಜ್ಜೆಯೇ ಒಳ್ಳೆಯದೆಂದು ಅವರು ನಂಬಿದ್ದರು. ಅಂದು ನೋಡುತ್ತ ನೋಡುತ್ತ ಹಣೆ ಚಚ್ಚಿಕೊಂಡರು. ಎಂದೂ ಬೀಳದ ಹುಡುಗಿಯರ ಹೆಜ್ಜೆ ತಿರುವಿನಲ್ಲಿ ಕಲಸಿಹೋಗಿತ್ತು. ಅಂದರೆ ಅವರ ಪಾದವೂ ಮೈಯ ಜೊತೆಗೇ ತಿರುಗುತ್ತಿತ್ತು. ನನ್ನದು ಮಾತ್ರ ಅಚ್ಚೊತ್ತಿದ ಹಾಗೆ ಅಂದವಾಗಿ ಬಿದ್ದಿತ್ತು. ಪಾದ ನೆಲ ಕಚ್ಚಿ ನಿಂತು, ತಿರುಗುವ ಭಾರವನ್ನೆಲ್ಲ ಮಂಡಿಗೆ ಹೊರಿಸುತ್ತಿತ್ತು. “ಎಷ್ಟು ದಿನ ನಾನು ಉಲ್ಟಾ ಓದ್ತಿದ್ದೆ ಮಾರಾಯ್ತಿ!” ಎಂದು ಅವರು ಚಪ್ಪಾಳೆ ತಟ್ಟಿ ನಕ್ಕರು. ತಮ್ಮ ತಪ್ಪು ಸಿಕ್ಕಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಮತ್ತೆ ಕಂಡಿಲ್ಲ.

ಆಮೇಲೆ ಒಂದೇ ಪಾಠ. ಕಂಬದ ಹತ್ತಿರ ದೊಡ್ಡ ಹೆಜ್ಜೆ ಬೇಡ, ಪುಟ್ಟಪುಟ್ಟ ಹೆಜ್ಜೆ ಇಡು, ಹಿಮ್ಮಡಿ ಊರಬೇಡ, ಮಂಡಿ ಸ್ವಲ್ಪ ಬಗ್ಗಿರಲಿ. ಸಿಮೆಂಟಿನ ನೆಲದಲ್ಲಿ ನನ್ನ ಹೆಜ್ಜೆಗಳು ಅಂದಗೆಡುತ್ತ ಹೋದಂತೆ ಟೀಚರ ಮುಖ ಅರಳುತ್ತ ಹೋಯಿತು.

ಮುಂದಿನ ವರ್ಷ ಶೃಂಗೇರಿಯವರ ಜೊತೆಗಿನ ಪಂದ್ಯ ಹರಿಹರಪುರದಲ್ಲಿ ನಡೆಯಿತು. ದಾದಿಯೂ ಬಸ್ಸು ಹತ್ತಿ ಬಂದಿದ್ದಳು. ಸಾಲಿನಲ್ಲಿ ಕೂರುವಾಗ ಮಂಡಿ ಸದ್ದಿಲ್ಲದೆ ಮಡಚಿತು. ಬೆನ್ನ ಹಿಂದೆ ‘ಖೋ’ ಎಂದಿತು, ಎದ್ದೆ, ಓಡಿದೆ. ನನ್ನ ಮುಂದಿನ ಹುಡುಗಿ ಕಂಬ ಸುತ್ತಿದಳು. ಹಿಂದಿನ ವರ್ಷ ಕಂಡ ಆಕಾಶ ಒಂದು ಕ್ಷಣ ಕಣ್ಣ ಮುಂದೆ ಬಂತು. ಗೆರೆಯ ಆಚೆ ದಾದಿ ಏನೋ ಕೂಗಿದಳು. ಪುಟ್ಟಪುಟ್ಟ ಹೆಜ್ಜೆ... ಕಂಬ ಹಿಡಿದೆ, ತಿರುಗಿದೆ, ಪಾದವೂ ತಿರುಗಿತು. ಆ ಹುಡುಗಿಯ ಬೆನ್ನು ಮುಟ್ಟಿದ ಮೇಲೆಯೇ ನನಗೆ ಉಸಿರು ಬಂದದ್ದು.

ಪಂದ್ಯವನ್ನು ನಾವು ಸೋತೆವು. ಶೃಂಗೇರಿಯವರು ನಿಜಕ್ಕೂ ಚೆನ್ನಾಗಿ ಆಡಿದರು. ಬಹುಮಾನ ಕೊಡುವಾಗ ಎರಡೂ ತಂಡದ ಟೀಚರುಗಳನ್ನು ಮೈಕಿನಲ್ಲಿ ಕರೆದರು, ನಮ್ಮವರು ಕಾಣಲಿಲ್ಲ. ಹುಡುಕಿಕೊಂಡು ಹೋದೆ. ಖಾಲಿ ಮೈದಾನದಲ್ಲಿ ಕಂಬದ ಬುಡದಲ್ಲಿ ಅವರು ಬಗ್ಗಿ ನಿಂತಿದ್ದರು. ಹಸಿ ಮಣ್ಣಿನಲ್ಲಿ ನನ್ನ ಹೆಜ್ಜೆಗಳು ಕೋಳಿ ಕೆದರಿದ ಹಾಗೆ ಬಿದ್ದಿದ್ದವು. “ನೋಡಿಲ್ಲಿ, ಎಷ್ಟು ಚಂದ ಕೆಟ್ಟಿದಾವೆ!” ಎಂದರು. ಅವರ ಕಣ್ಣು ತುಂಬಿತ್ತು. ನನಗೆ ಬೇರೆ ಬಹುಮಾನದ ನೆನಪಿಲ್ಲ.

ನಾನು ಹೈಸ್ಕೂಲು ಮುಗಿಸಿದ ವರ್ಷ ಅವರಿಗೆ ದೂರದ ಬಯಲುಸೀಮೆಗೆ ವರ್ಗವಾಯಿತು. ಹೊರಡುವ ದಿನ ಬಾಂಡ್ಲಿಯಲ್ಲಿ ಕಾಲು ಅದ್ದಿ ಬಾಗಿಲ ತನಕ ನಡೆದು, ತಿರುಗಿ ತಮ್ಮ ಹೆಜ್ಜೆ ನೋಡಿದರು. ದಾದಿಯ ಹಾಗೆ ಅವರೂ ಮನೆಯಲ್ಲಿ ಒಬ್ಬರೇ ಟ್ಯೂಬು ಎಳೆಯುತ್ತಿದ್ದರೆಂದು ಆಗಲೇ ನಮಗೆ ಗೊತ್ತಾದದ್ದು. ಬಲಹಿಮ್ಮಡಿ ಮೊದಲಿಗಿಂತ ಸ್ವಲ್ಪ ಹೆಚ್ಚು ಮೂಡಿತ್ತು. ಪೂರ್ತಿ ಅಲ್ಲ. “ಇನ್ನೂ ಇದೆ, ನೋಡುವ” ಎಂದು ನಕ್ಕು ಬಸ್ಸು ಹತ್ತಿದರು. ಆ ಶುಕ್ರವಾರ ದಾದಿ ಅಂಗಡಿ ತೊಳೆಯಲಿಲ್ಲ. ತೊಳೆಯದಿದ್ದರೂ ಗುರುತು ಆರಿಹೋಗಿತ್ತು.

ದಾದಿ ಕೊನೆಯವರೆಗೂ ಹಣೆ ನೆಲಕ್ಕೆ ತಾಗಿಸಿಯೇ ನಮಾಜು ಮಾಡಿದಳು. ಅವಳು ಹೋದಮೇಲೆ ಆ ಟ್ಯೂಬು ಮೊಳೆಯಲ್ಲಿ ತೂಗಾಡುತ್ತ ಒಣಗಿ, ಸೀಳಿ, ಒಂದು ದಿನ ತಾನಾಗಿ ಉದುರಿತು. ಅಂಗಡಿಯೂ ಈಗಿಲ್ಲ. ಟೀಚರು ತೀರಿಕೊಂಡ ಸುದ್ದಿ, ಅವರು ತೀರಿಕೊಂಡು ಎಷ್ಟೋ ಕಾಲವಾದಮೇಲೆ, ನರಸಿಂಹರಾಜಪುರದಿಂದ ಬಂದ ಯಾರೋ ಮಾತಿನ ನಡುವೆ ಹೇಳಿದಾಗ ಗೊತ್ತಾಯಿತು. ಹೋಗಿ ನೋಡಬೇಕು ಎಂದು ಪ್ರತಿ ವರ್ಷ ಅಂದುಕೊಳ್ಳುತ್ತಿದ್ದೆ. ಸಂಸಾರ, ಮಕ್ಕಳು, ಅದು ಇದು... ಆ ದಿನ ಅಡುಗೆಮನೆಯಲ್ಲಿ ನಿಂತು ದಾದಿಗೆ ಅತ್ತಷ್ಟೇ ಅತ್ತೆ.

ಶಿವಮೊಗ್ಗದ ಹುಡುಗನಿಗೆ ಇಷ್ಟನ್ನೂ ಹೇಳಲಿಲ್ಲ. ಹಳೆಯ ಪೆಟ್ಟು ಬಿದ್ದದ್ದು ಯಾವ ಮಂಡಿಗೆ, ನೀನೇ ಹೇಳು ನೋಡುವ ಎಂದೆ. ಅವನು ಎರಡನ್ನೂ ಒತ್ತಿ, ಮಡಚಿ, ಬಿಡಿಸಿ ನೋಡಿ, “ಬಲಗಡೇದು ಮೇಡಂ, ನೋಯ್ತಾ ಇರೋದು ಅದೇ ಅಲ್ವಾ?” ಎಂದ. ಅಲ್ಲ ಮಾರಾಯ, ಎಡಗಡೆಯದು ಎಂದೆ. ಅವನು ಮತ್ತೊಮ್ಮೆ ಎಡಮಂಡಿ ಒತ್ತಿದ, ನಂಬಿಕೆ ಬರಲಿಲ್ಲ. ಟೀಚರ ಕೈ ಬಿದ್ದ ಕಾಲು ಇನ್ನೂ ಗಟ್ಟಿ. ಅವರು ಮುಟ್ಟದ ಕಾಲಿಗೆ ಈಗ ವಯಸ್ಸಾಗಿದೆ.

ಮನೆಗೆ ಬಂದು ಬಚ್ಚಲಿನ ಬಕೆಟ್ಟಿನಲ್ಲಿ ಕಾಲು ಅದ್ದಿ ಅಂಗಳದ ಸಿಮೆಂಟಿನ ಮೇಲೆ ನಡೆದೆ. ತಿರುಗಿ ನೋಡಿದರೆ ಎಡಹಿಮ್ಮಡಿ ಪೂರ್ತಿ ಮೂಡಿತ್ತು. ಬಲಗಡೆಯದು ಅರ್ಧ ಮಾತ್ರ, ಒಮ್ಮೆ ಅವರದ್ದಿದ್ದ ಹಾಗೆಯೇ. ತೋರಿಸೋಣವೆಂದರೆ ಅವರಿಲ್ಲ. ಮೊಮ್ಮಗಳು ಬಾಗಿಲಲ್ಲಿ ನಿಂತು, “ಎಂತ ಮಾಡ್ತಿದ್ದೀಯ ನಾನಿ?” ಎಂದಳು. “ಚಪ್ಪಲಿ ಬಿಚ್ಚಿ ಬಾ ಇಲ್ಲಿ, ಕಾಲು ಅದ್ದು” ಎಂದೆ. ಅವಳು ಕಾಲು ಅದ್ದಿ ನನ್ನ ಪಕ್ಕದಲ್ಲೇ ನಡೆದಳು. ಆರುವ ಮೊದಲು ಗೆರೆ ಎಳೆಯಲು ನಾನು ಸೀಮೆಸುಣ್ಣ ಹುಡುಕಿದೆ.